ಬೈಲಪ್ಪ ಕಡೆದ ಕೋಲು

ಮರ ಕಡೆಯುವ ಬೈಲಪ್ಪನಿಗೆ ಕೆಲಸ ಕಲಿಸಿದ್ದು ಅವನಪ್ಪನ ಏಟು. ಮಂಚದ ಕಾಲು ಒಂದು ನೂಲಿನಷ್ಟು ಹೆಚ್ಚು ಸವೆದರೂ ಸೀತಾರಾಮಪ್ಪ ಅದನ್ನೇ ಕಿತ್ತು ಮಗನ ಬೆನ್ನಿಗೆ ಬಾರಿಸುತ್ತಿದ್ದ. ಹನ್ನೆರಡನೇ ವಯಸ್ಸಿನಲ್ಲಿ ಮುರಿದ ಎಡ ಮೊಣಕೈ ಸೊಟ್ಟಗೇ ಕೂಡಿಕೊಂಡಿತ್ತು. ಅಪ್ಪ ಸತ್ತ ದಿನ ಬೈಲಪ್ಪ ಅಳಲಿಲ್ಲ. ಇನ್ನು ಯಾರ ಮೇಲೂ ಕೈ ಎತ್ತುವುದಿಲ್ಲವೆಂದು ಹೆಂಡತಿ ನರಸಕ್ಕನಿಗೆ ಮಾತು ಕೊಟ್ಟ. ಇಪ್ಪತ್ತಾರು ವರ್ಷ ಅದನ್ನು ಉಳಿಸಿಕೊಂಡ.

೧೯೯೩ರಲ್ಲಿ ಹಿಂದೂಪುರದ ಬಸ್ ನಿಲ್ದಾಣದ ಹಿಂದೆ ಶ್ರೀರಾಮುಲು, ಕೋಲಿನಿಂದ ಬಿಳಿ ಚೆಂಡು ಹೊಡೆದು ಉಳಿದ ಚೆಂಡುಗಳನ್ನು ಗುಂಡಿಗೆ ಬೀಳಿಸುವ ಪೂಲ್ ಆಟದ ಎರಡು ಮೇಜು ಹಾಕಿದ. ಡೊಂಕಾದ ಕೋಲುಗಳ ಬದಲು ಹೊಸವನ್ನು ಕಡೆಯಲು ಬೈಲಪ್ಪನನ್ನು ಕರೆಸಿದ. ಬೈಲಪ್ಪ ಆಟ ಆಡಿದವನಲ್ಲ. ಆದರೆ ಆಟಗಾರರ ಬೆರಳ ನಡುವೆ ಕೋಲು ಓಡಾಡುವುದನ್ನು ಒಂದು ವಾರ ನೋಡಿದ ಮೇಲೆ ಗುಟ್ಟು ತಿಳಿಯಿತು. ಬುಡದಿಂದ ತುದಿಯವರೆಗೆ ಒಂದೇ ಸಮನೆ ಸಣ್ಣಗಾಗುತ್ತಾ ಬಂದ ಕೋಲು ಬಿಗಿಯಾಗಿರುತ್ತದೆ, ಚೆಂಡಿನ ಪೆಟ್ಟು ನೇರ ಅಂಗೈಗೆ ತಿಳಿಯುತ್ತದೆ. ಆದರೆ ಮುಂದೆ ತಳ್ಳಿದಂತೆಲ್ಲ ಬೆರಳನ್ನು ಅಗಲಿಸುತ್ತದೆ. ತುದಿಯಿಂದ ಒಂದು ಮೊಳ ಒಂದೇ ಗಾತ್ರ ಉಳಿಸಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಅದಕ್ಕೂ ಉದ್ದಕ್ಕೆ ಸಣ್ಣಗೆ ಎಳೆದರೆ ಮಾತ್ರ ಬಳುಕುತ್ತದೆ, ಬಿರುಸಿನ ಹೊಡೆತಕ್ಕೆ ಚೆಂಡು ದಾರಿ ತಪ್ಪುತ್ತದೆ.

ಕಲ್ಯಾಣದುರ್ಗದ ಲಾರಿ ಡ್ರೈವರ್ ಕೊಂಡಪ್ಪ ಆ ಮೇಜುಗಳ ದೊಡ್ಡ ಆಟಗಾರ. ತೋಳಲ್ಲಿ ಬಲ, ಮೂಗಿನ ತುದಿಯಲ್ಲಿ ಕೋಪ.

"ಎರಡು ಮೊಳ ಸಣ್ಣಗೆ ಎಳೀ ಬೈಲಣ್ಣ. ಬೆರಳಾಗೆ ಇರೋದೇ ಗೊತ್ತಾಗಬಾರ್ದು."

"ಬ್ಯಾಡ ಕಣಪ್ಪ. ನಿನ್ನ ಏಟು ಜೋರು. ಬಳುಕ್ಬುಡ್ತದೆ."

"ಆಡೋನು ನೀನೋ ನಾನೋ?"

ಬೈಲಪ್ಪ ಕಡೆದುಕೊಟ್ಟ.

ಮುಂದಿನ ಭಾನುವಾರ ಗೋರಂಟ್ಲದವನೊಬ್ಬನ ಜೊತೆ ಪಂದ್ಯ. ಕೊನೆಗೆ ಕರಿ ಚೆಂಡೊಂದೇ ಉಳಿದಿತ್ತು, ಅದನ್ನು ಬೀಳಿಸಿದವನೇ ಗೆದ್ದಂತೆ. ಕೊಂಡಪ್ಪ ಬೀಸಿ ಹೊಡೆದ. ಕೋಲು ಬಳುಕಿತು, ಬಿಳಿ ಚೆಂಡು ಕರಿಯದರ ಪಕ್ಕ ಸವರಿ ತಾನೇ ಮೂಲೆಯ ಗುಂಡಿಗೆ ಬಿತ್ತು. ಆಟ ಹೋಯಿತು. ಜನ ಕೇಕೆ ಹಾಕಿ ನಕ್ಕರು. ಮಟಮಟ ಮಧ್ಯಾಹ್ನ ಕೊಂಡಪ್ಪ ಕೋಲು ಹಿಡಿದೇ ಬೈಲಪ್ಪನ ಅಂಗಡಿಗೆ ನುಗ್ಗಿದ.

"ರೇಯ್ ಮುಸಲೋಡಾ, ಮುದ್ಕಾ! ಬೇಕೂಂತ್ಲೇ ಕೆಡಿಸ್ಬುಟ್ಟೆ!"

ಕೋಲಿನ ಬುಡ ಬೈಲಪ್ಪನ ದವಡೆಗೆ ಬಿತ್ತು. ಎರಡು ಹಲ್ಲು ಮರದ ಹೊಟ್ಟಿನಲ್ಲಿ ಉದುರಿದವು. ಆಗಲೂ ಅವನು ಕೈ ಎತ್ತಲಿಲ್ಲ. "ಹೊಡೀಬ್ಯಾಡ ಕಣಪ್ಪ" ಎಂದು ಅಡ್ಡ ಬಂದ ನರಸಕ್ಕನ ಬಲಗೈಗೆ ಎರಡನೇ ಏಟು ಬಿತ್ತು. ಮೂಳೆ ಲಟಕ್ಕೆಂದಿತು. ಆ ಸದ್ದು ಬೈಲಪ್ಪನಿಗೆ ಗೊತ್ತಿದ್ದ ಸದ್ದು.

ಕೈಗೆ ಸಿಕ್ಕಿದ್ದು ಅರ್ಧ ಕಡೆದ ಮಂಚದ ಕಾಲು. ಮೊದಲ ಏಟಿಗೇ ಕೊಂಡಪ್ಪ ಕುಸಿದ, ಕಿವಿಯಿಂದ ರಕ್ತ ಇಳಿಯಿತು. ಬೈಲಪ್ಪ ನಿಲ್ಲಿಸಲಿಲ್ಲ. ಬೆನ್ನಿಗೆ, ಭುಜಕ್ಕೆ, ಮಂಡಿಗೆ ಹೊಡೆಯುತ್ತಲೇ ಹೋದ.

"ಸತ್ತೋಯ್ತಾನೆ, ಬುಡ್ರೀ!" ನರಸಕ್ಕ ಒಂದೇ ಕೈಯಲ್ಲಿ ಅವನ ಸೊಂಟ ಹಿಡಿದು ಎಳೆದಳು. ನಿಂತಾಗಲೇ ಅವನಿಗೆ ತಿಳಿದದ್ದು, ಇಷ್ಟು ಹೊತ್ತೂ ತನ್ನ ಬಾಯಿಂದ ಬರುತ್ತಿದ್ದುದು ಅಪ್ಪನ ಬೈಗುಳಗಳೆಂದು. ಮಂಚದ ಕಾಲನ್ನು ಹೊಟ್ಟಿನ ರಾಶಿಗೆ ಎಸೆದ.

ಲಾರಿಯಿಂದ ಬಿದ್ದೆ ಎಂದು ಕೊಂಡಪ್ಪ ಪೊಲೀಸರಿಗೆ ಹೇಳಿದ. ಮುದುಕನ ಕೈಲಿ ಏಟು ತಿಂದೆನೆನ್ನಲು ನಾಚಿಕೆ. ಶಿಕ್ಷೆಯಿಲ್ಲದೆ ಪಾರಾದದ್ದೇ ಬೈಲಪ್ಪನಿಗೆ ತಡೆಯಲಾಗಲಿಲ್ಲ. ಹದಿನೈದು ದಿನ ಕಳೆದು ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದ. ಬಾಗಿಲು ತೆಗೆದ ಕೊಂಡಪ್ಪನ ತಾಯಿ ಸರಸ್ವತಮ್ಮ, ಬಂದವನು ಯಾರೆಂದು ತಿಳಿದದ್ದೇ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು.

"ನನ್ನ ಮಗಂಗೆ ಒಂದು ಕಿವೀನೇ ಕೇಳ್ದಂಗೆ ಮಾಡ್ಬುಟ್ಟಲ್ಲೋ!"

ಬೈಲಪ್ಪನ ಇನ್ನೂ ಮಾಯದ ದವಡೆಯಿಂದ ರಕ್ತ ಬಂತು. ಅವನು ಕದಲಲಿಲ್ಲ.

"ಬುಡಮ್ಮ," ಎಂದು ಒಳಗಿನಿಂದ ಕೊಂಡಪ್ಪ ಕೂಗಿದ. "ಮೊದ್ಲು ಹೊಡೆದೋನು ನಾನೇ. ಅವನ ಹೆಂಡ್ರು ಕೈ ಮುರಿದೋನೂ ನಾನೇ."

ಹೊಡೆದವನು ಯಾರೆಂದಷ್ಟೇ ಮಗ ಅವಳಿಗೆ ಹೇಳಿದ್ದ, ಇದನ್ನು ಹೇಳಿರಲಿಲ್ಲ. ಸರಸ್ವತಮ್ಮ ಎತ್ತಿದ ಕೈ ಇಳಿಸದೆ ಒಳಗೆ ಹೋಗಿ ಅವನಿಗೂ ಒಂದು ಬಿಟ್ಟಳು.

ಬೈಲಪ್ಪ ಆಮೇಲೂ ಶ್ರೀರಾಮುಲುವಿಗೆ ಕೋಲು ಕಡೆದುಕೊಟ್ಟ. ಯಾರು ಎಷ್ಟು ಕೂಗಾಡಿದರೂ ಒಂದು ಮೊಳದ ಮೇಲೆ ಸಣ್ಣಗೆ ಎಳೆಯಲಿಲ್ಲ. ನರಸಕ್ಕನ ಮೂಳೆ ಕೂಡಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ಮುದ್ದೆ ತಿರುವಿದವನು ಅವನೇ. ಗಂಟುಗಂಟಾದ ಆ ಮುದ್ದೆಯನ್ನು ಅವಳು ಎಡಗೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು.