ಡ್ರಾಯಿಂಗ್ ಮೇಷ್ಟ್ರ ಕೈ ತಪಾಸಣೆ

ಶಾಲೆಯಲ್ಲಿ ಮಕ್ಕಳ ಕಲಾಪ್ರದರ್ಶನದ ದಿನ ಬಂತೆಂದರೆ ಡ್ರಾಯಿಂಗ್ ಮೇಷ್ಟ್ರಿಗೆ ಬೆಳಗ್ಗೆಯಿಂದಲೇ ಮೈಯೆಲ್ಲ ಉರಿ. ಮೇಜಿನ ಮೇಲೆ ಥರ್ಮೊಕೋಲಿನ ಮನೆ, ರಟ್ಟಿನ ಅಣೆಕಟ್ಟು ಕಣ್ಣು ಕುಕ್ಕುತ್ತಿದ್ದರೂ ಅವರು ಅತ್ತ ತಿರುಗಿ ನೋಡುವುದಿಲ್ಲ. "ಎಲ್ಲಿ, ಕೈ ತೋರ್ಸು" ಎನ್ನುತ್ತಾರೆ ಮಗುವಿಗೆ. ಉಗುರಲ್ಲಿ ಬಣ್ಣ ಇದ್ದರೆ, ಬೆರಳಿಗೆ ಗೋಂದು ಮೆತ್ತಿದ್ದರೆ ಮಾತ್ರ ಅಂಕ. ಕೈ ತೊಳೆದಿಟ್ಟ ಮುತ್ತಿನಂತಿದ್ದರೆ ಮುಗಿಯಿತು, ಮೂಗಿನ ತುದಿಯಲ್ಲಿದ್ದ ಸಿಟ್ಟು ನೆತ್ತಿಗೇರುತ್ತದೆ. "ಮೂರನೇ ಕ್ಲಾಸಿನ ಮಗು ಅಣೆಕಟ್ಟು ಕಟ್ತಂತೆ! ಯಾರ ಕಿವಿ ಮೇಲೆ ಹೂ ಇಡ್ತೀರಿ? ಅಷ್ಟು ಆಸೆ ಇದ್ರೆ ನಾಳೆಯಿಂದ ನೀವೇ ಬಂದು ಬೆಂಚ್ ಮೇಲೆ ಕೂತ್ಕೊಳ್ಳಿ ಸ್ವಾಮಿ" ಎಂದು ಅಪ್ಪಂದಿರ ಮೇಲೆ ಹರಿಹಾಯುತ್ತಾರೆ, ಅಪ್ಪಂದಿರು ಬಣ್ಣ ಹತ್ತಿದ ಕೈಯನ್ನು ಮೆಲ್ಲಗೆ ಜೇಬಿಗಿಳಿಸುತ್ತಾರೆ. ಹೆಡ್‌ಮಿಸ್ಸು "ಹೋಗ್ಲಿ ಬಿಡಿ ಸಾರ್, ನೋಡೋಕೆ ಚೆನ್ನಾಗಿದ್ಯಲ್ಲ" ಎಂದರೆ, "ಚೆನ್ನಾಗಿರೋದೇ ತಪ್ಪು ಮೇಡಂ!" ಎಂದು ಎಗರುತ್ತಾರೆ. ಹೀಗೆ ಕೂಗಾಡಿ ಮನೆಗೆ ಬಂದರೆ, ಅಲ್ಲಿ ಮೊಮ್ಮಗಳು ನೆಲದ ಮೇಲೆ ಹಾಳೆ ಹರಡಿಕೊಂಡು ತನ್ನ ಶಾಲೆಗೆಂದು ಹಸು ಬಿಡಿಸುತ್ತಿರುತ್ತಾಳೆ. ಮೇಷ್ಟ್ರು ಎರಡೂ ಅಂಗೈಗಳನ್ನು ತೊಡೆಯಡಿ ಹಾಕಿಕೊಂಡೇ ಪಕ್ಕದಲ್ಲಿ ಕೂರುತ್ತಾರೆ. ಬಿಟ್ಟರೆ ಆ ಕೈಗಳು ಸುಮ್ಮನಿರುವ ಜಾತಿಯಲ್ಲ. "ತಾತ, ಕಾಲು ಸರಿಯಾಗಿದ್ಯಾ?" ಹಸುವಿಗೆ ಐದು ಕಾಲು. ತೊಡೆಯಡಿ ಬೆರಳುಗಳು ಚಡಪಡಿಸುತ್ತವೆ. "ಭೇಷಾಗಿದೆ ಪುಟ್ಟಿ" ಎನ್ನುತ್ತಾ ಮೇಷ್ಟ್ರು ಕೈಗಳ ಮೇಲೆ ಇನ್ನಷ್ಟು ಒತ್ತಿ ಕೂರುತ್ತಾರೆ.