ಸೀಟಕ್ಕ ಹತ್ತದ ಕಾರು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸೀಟಕ್ಕ ಅಂತ. ಕೆಲಸವೇ ಅಂಥದ್ದು: ಒಬ್ಬೊಬ್ಬರೇ ಒಂದೊಂದು ಕಾರಲ್ಲಿ ಬರುವವರನ್ನು ಹಿಡಿದು, ಒಂದೇ ದಾರಿಯವರನ್ನು ಒಂದೇ ಕಾರಿಗೆ ತುಂಬುವುದು. ಹೊಗೆ ಕಮ್ಮಿ, ರಸ್ತೆ ಸಲೀಸು. ಎಣ್ಣೆ-ಸೀಗೆಕಾಯಿ ಥರ ಇದ್ದ ಇಬ್ಬರು ಗುಮಾಸ್ತರನ್ನೂ ಅಕ್ಕಪಕ್ಕ ಕೂರಿಸಿದ ಗಟ್ಟಿಗಿತ್ತಿ!

ಆದರೆ ಒಡಹುಟ್ಟಿದ ಅಣ್ಣನ ಕಾರು ಮಾತ್ರ ಹತ್ತಳು. ಅವನು ಅದೇ ಕಾರ್ಖಾನೆಯ ಮೇಸ್ತ್ರಿ, ಅದೇ ಬೀದಿಯವನು. ಮೂರು ವರ್ಷದ ಹಿಂದೆ ನಾಲ್ಕು ಜನರೆದುರು, "ಇವಳ ಪಕ್ಕ ಕೂತರೆ ಕಿವಿಗೆ ಹತ್ತಿ ಇಟ್ಕೋಬೇಕು" ಅಂದುಬಿಟ್ಟಿದ್ದ. ಅವತ್ತಿನಿಂದ ಇವಳಿಗೆ ಬಸ್ಸೇ ಗತಿ, ಇಬ್ಬರ ಮಾತೂ ಬಂದ್. ಅವನೋ, ದಿನಾ ಬೆಳಿಗ್ಗೆ ಇವಳ ಮನೆ ಮುಂದೆ ಕಾರು ನಿಧಾನ ಮಾಡಿಕೊಂಡು ಹೋಗುವನು. ಹೊಟ್ಟೆ ಉರಿಸೋಕೇ ಮಾಡ್ತಾನೆ ಅಂತ ಇವಳು ಕಿಟಕಿ ಮುಚ್ಚುವಳು.

ಈಗ ಬಂತು ಫಜೀತಿ. ಸೋಮವಾರದಿಂದ ಒಬ್ಬರೇ ಇರುವ ಕಾರನ್ನು ಗೇಟಿನೊಳಗೆ ಬಿಡಬಾರದು ಅಂತ ನಿಯಮ. ಬರೆದವಳು ಇವಳೇ! ಅಣ್ಣನ ಜೊತೆಗೆ ಉಗ್ರಾಣದವನನ್ನು ಹಾಕಿದಳು. "ಸೀಟು ಖಾಲಿ ಇಲ್ಲ" ಅಂತ ವಾಪಸ್ ಕಳಿಸಿದ. ಇನ್ನೊಬ್ಬನನ್ನು ಕಳಿಸಿದರೂ ಅದೇ ಉತ್ತರ.

"ಗೇಟಲ್ಲಿ ತಡೆದರೆ ಕೆಲಸಾನೇ ಬಿಡ್ತಾರಂತೆ ನಿಮ್ಮಣ್ಣ" ಅಂದ ಉಗ್ರಾಣದವನು. "ಹೇಳೋದು ಆಚಾರ, ಮಾಡೋದು ಅನಾಚಾರ. ನೀವೇ ಯಾಕೆ ಕೂರಬಾರದು, ಸೀಟಕ್ಕ?"

ಅಣ್ಣ ಹಟಮಾರಿ, ಆಡಿದ್ದನ್ನು ಮಾಡಿಯೇ ತೀರುವವನು. ಭಾನುವಾರವಿಡೀ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದಳು.

"ಹೋಗಿ ಕೂತ್ಕೊಳ್ಳೇ, ಸವೆದುಹೋಗ್ತೀಯಾ?" ಅಂದ ಗಂಡ.

"ಅವನೇ ಕರೀಲಿ!" ಅಂದಳು. ಅಂದಳೇ ಹೊರತು ಒಳಗೆ ಒಂದೇ ಸಂಕಟ. ಅಣ್ಣನ ಅನ್ನ ಕಿತ್ತುಕೊಂಡವಳು ನಾನೇ ಆಗ್ತೀನಲ್ಲಪ್ಪಾ!

ಸೋಮವಾರ ಕಾರು ಎಂದಿನಂತೆ ಮನೆ ಮುಂದೆ ನಿಧಾನವಾಯಿತು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ಓಡಿದಳು. ಬಾಗಿಲು ತೆಗೆದು ಧೊಪ್ಪನೆ ಕೂತಳು.

"ನಿಯಮಕ್ಕೋಸ್ಕರ ಬಂದೆ, ತಿಳ್ಕೋ. ಸೀಟು ಖಾಲಿ ಇಲ್ಲ ಅಂದ್ಯಂತೆ, ಯಾರಿಗೆ ಇಟ್ಟಿದ್ದೆ?"

"ದಿನಾ ನಿನ್ನ ಮನೆ ಮುಂದೆ ಕಾರು ನಿಧಾನ ಮಾಡ್ತಿದ್ನಲ್ಲ, ಯಾರಿಗೆ ಅಂದ್ಕೊಂಡಿದ್ದೆ?"

ಬಾಯಿಬಡುಕಿಯ ಕಣ್ಣು ತುಂಬಿ ಬಂತು, ಕಿಟಕಿ ಕಡೆ ತಿರುಗಿಕೊಂಡಳು. ಕಾರ್ಖಾನೆ ಗೇಟು ಕಾಣಿಸುವ ತನಕ ಇಬ್ಬರೂ ಗಪ್‌ಚಿಪ್. ಕೊನೆಗೆ ಅವನೇ ಸೋತ.

"ಏನಾದರೂ ಒದರೇ, ತಾಯಿ. ಮೂರು ವರ್ಷದಿಂದ ಕಾರು ಬಿಕೋ ಅಂತಿದೆ."