ಒಲೆಯ ಮೇಲಿದ್ದ ಕ್ಯಾಮೆರಾ

ನಮ್ಮ ಮನೆಯಲ್ಲಿ ಕ್ಯಾಮೆರಾ ಇರುತ್ತಿದ್ದದ್ದು ಬೀರುವಿನಲ್ಲಲ್ಲ, ಸೌದೆ ಒಲೆಯ ಮೇಲಿನ ಅಟ್ಟದಲ್ಲಿ. ಬಿತ್ತನೆ ಬೀಜ, ಹುಣಸೆಹಣ್ಣು, ಒಣಮೆಣಸಿನಕಾಯಿ, ಅವುಗಳ ಪಕ್ಕ ಒಂದು ತಗಡಿನ ಪೆಟ್ಟಿಗೆಯಲ್ಲಿ ಕ್ಯಾಮೆರಾ. ಕೊಡಗಿನ ಮಳೆಗಾಲ ಕಾಣದವರಿಗೆ ಇದು ನಗೆ ತರಿಸಬಹುದು. ಇಲ್ಲಿ ಜೂನ್ ತಿಂಗಳಲ್ಲಿ ಚಪ್ಪಲಿಯನ್ನು ಮೂಲೆಯಲ್ಲಿ ಬಿಟ್ಟರೆ ಎಂಟು ದಿನಕ್ಕೆ ಅದರ ಮೇಲೆ ಬೂಷ್ಟು ಬೆಳೆದಿರುತ್ತದೆ. ಲೆನ್ಸಿಗೂ ಅದೇ ಗತಿ. ಗಾಜಿನೊಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಹರಡಿತೆಂದರೆ ಆ ಲೆನ್ಸಿನ ಕತೆ ಮುಗಿಯಿತು. ಗಾಳಿಬೀಡಿನ ಕಡೆ ಫೋಟೋ ತೆಗೆಯುವವರೊಬ್ಬರಿದ್ದರು, ಎರಡು ಮಳೆಗಾಲದಲ್ಲಿ ಎರಡು ಲೆನ್ಸು ಕಳೆದುಕೊಂಡರು. ನಮ್ಮದು ಹಾಗಾಗಲಿಲ್ಲ. ಅದನ್ನು ನಾನು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಜನ. ಮದುವೆಯಾಗಿ ಸೇರಿದ ಮನೆಯಲ್ಲಿ ಜಮೀನೂ ಇತ್ತು, ಪೇಟೆಯಲ್ಲಿ ಒಂದು ಸ್ಟುಡಿಯೋವೂ ಇತ್ತು. ಯಜಮಾನರು ಫೋಟೋ ತೆಗೆಯುತ್ತಿದ್ದರು, ನಾನು ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದೆ. ಪೆನ್ಸಿಲ್ ಚೂಪು ಮಾಡಿ ನೆಗೆಟಿವ್ ಮೇಲೆ ಮುಖದ ಕಲೆ ಮುಚ್ಚುತ್ತಿದ್ದೆ. ಈ ಕಡೆಯ ಎಷ್ಟೋ ಹೆಣ್ಣುಮಕ್ಕಳ ಮೊಡವೆ ನಾನು ತೆಗೆದಿದ್ದೇನೆ. ಗಂಡು ಸಿಕ್ಕಿದ ಮೇಲೆ ಒಬ್ಬಳೂ ಬಂದು ಹೇಳಲಿಲ್ಲ.

ಆ ಕ್ಯಾಮೆರಾ ಈಗಿನವರು ಕಣ್ಣಿಗೆ ಹಿಡಿದು ನೋಡುವಂಥದ್ದಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಬಾವಿಗೆ ಬಗ್ಗಿದ ಹಾಗೆ ಮೇಲಿನಿಂದ ಬಗ್ಗಿ ನೋಡಬೇಕು. ಒಳಗಿನ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಫಿಲ್ಮು ಕೂರುವುದು ಹಿಂದಿನ ಒಂದು ಚಿಕ್ಕ ಪೆಟ್ಟಿಗೆಯಲ್ಲಿ. ಅದಕ್ಕೆ ಬ್ಯಾಕ್ ಎನ್ನುತ್ತಿದ್ದರು. ನಡುವೆ ಒಂದು ತೆಳು ಸ್ಟೀಲ್ ತಗಡು ತೂರಿಸಿ ಬೆಳಕು ಮುಚ್ಚಿದರೆ ಆ ಬ್ಯಾಕನ್ನು ಫಿಲ್ಮಿನ ಸಮೇತ ಕಳಚಬಹುದು. ಒಂದು ರೋಲಿಗೆ ಹನ್ನೆರಡು ಫೋಟೋ. ಹನ್ನೆರಡೂ ಮುಗಿಯದೆ ಯಜಮಾನರು ಯಾವ ರೋಲನ್ನೂ ತೊಳೆಯಲು ಕೊಟ್ಟವರಲ್ಲ. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಅವಸರ ಮಾಡಿ ಬಾಗಿಲಲ್ಲಿ ನಿಂತರೂ, "ಇನ್ನೂ ಎರಡು ಬಾಕಿ ಐತೆ, ನಾಳೆ ಬನ್ನಿ" ಎನ್ನುವರು.

ನಮಗೆ ಒಬ್ಬಳೇ ಮಗಳು. ಅವಳು ಹೆತ್ತು, ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದಿನ ಯಜಮಾನರು ಹೊಸ ರೋಲ್ ಹಾಕಿದರು. ಮನೆಯವರಿಗೆಂದು ಇಡೀ ರೋಲ್ ಹಾಕಿದ್ದು ಅದೇ ಮೊದಲು. ಅಂಗಳದಲ್ಲಿ ಕುರ್ಚಿ ಇಟ್ಟು, ಮಗಳನ್ನೂ ಕೂಸನ್ನೂ ಕೂರಿಸಿ ಎಂಟು ತೆಗೆದರು. ಆಮೇಲೆ ಕೂಸು ರಚ್ಚೆ ಹಿಡಿಯಿತು.

"ಸಾಕು ಬಿಡಪ್ಪ, ಹಸಿವಾಗೈತೆ ಅದಕ್ಕೆ" ಎಂದಳು ಮಗಳು.

"ಆಯ್ತು ಕಣವ್ವ. ಉಳಿದ ನಾಕು ಕೂಸಿನ ಹುಟ್ಟಿದ ದಿನಕ್ಕೆ" ಎಂದರು.

ಹುಟ್ಟಿದ ದಿನಕ್ಕೆ ಎರಡು ತಿಂಗಳಿದೆ ಎನ್ನುವಾಗ ಮಗಳಿಗೆ ಕಾಮಾಲೆಯಾಯಿತು. ನಾಟಿ ಔಷಧಿ ಆಯಿತು, ಆಸ್ಪತ್ರೆ ಆಯಿತು, ಹದಿನೇಳು ದಿನಕ್ಕೆ ಹೋದಳು. ನಮ್ಮ ಕಡೆ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸುವುದುಂಟು. ಯಜಮಾನರು ಅಂಥ ಎಷ್ಟೋ ಮನೆಗೆ ಹೋಗಿದ್ದವರು. ಅವತ್ತು ಯಾರೋ ನೆಂಟರು, "ಭಾವ, ಒಂದು ಫೋಟೋ" ಎಂದರು. ಯಜಮಾನರು ಎದ್ದು ಹೋಗಿ ದನದ ಕೊಟ್ಟಿಗೆಯಲ್ಲಿ ಕೂತರು. ತೆಗೆದ ಫೋಟೋ ಎಷ್ಟೆಂದು ತೋರಿಸುವ ಆ ಬ್ಯಾಕಿನ ಕಿಂಡಿಯಲ್ಲಿ ಎಂಟು ಎಂಬ ಅಂಕಿ ಹಾಗೇ ನಿಂತಿತು. ಅದು ಮುಗಿದಿರಲಿಲ್ಲ, ಆದ್ದರಿಂದ ತೊಳೆಯುವ ಹಾಗೂ ಇರಲಿಲ್ಲ. ಅವರು ಬೇರೆ ಸಣ್ಣ ಕ್ಯಾಮೆರಾದಲ್ಲಿ ಕೆಲಸ ನಡೆಸಿದರು. ಆಮೇಲೆ ಸ್ಟುಡಿಯೋ ಮುಚ್ಚಿದರು. ಆಮೇಲೆ ಅವರೂ ಹೋದರು.

ಅಳಿಯ ಇನ್ನೊಂದು ಮದುವೆಯಾದ. ಅವನ ಮನೆಯ ಗೋಡೆಯಲ್ಲಿದ್ದ ಮದುವೆ ಫೋಟೋ ಎಲ್ಲಿ ಹೋಯಿತೋ, ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಕೂಸನ್ನು ನಾನೇ ಸಾಕಿದೆ, ಹಾಸ್ಟೆಲಿಗೂ ನಾನೇ ಹಾಕಿದೆ. ನಮ್ಮಲ್ಲಿದ್ದ ಆಲ್ಬಂ, ನೆಗೆಟಿವ್ ಎಲ್ಲ ಕಬ್ಬಿಣದ ಟ್ರಂಕಿನಲ್ಲಿತ್ತು. ಹೊಳೆ ನೀರು ಮನೆಗೆ ನುಗ್ಗಿದ ವರ್ಷ ಟ್ರಂಕು ಮೂರು ದಿನ ಮುಳುಗಿತ್ತು. ತೆರೆದರೆ ಫೋಟೋಗಳು ಒಂದಕ್ಕೊಂದು ಅಂಟಿ, ಬಿಡಿಸಿದ್ದರಲ್ಲಿ ಮುಖಗಳು ಕೆಳಕ್ಕೆ ಜಾರಿ ಸೊಂಟದ ಹತ್ತಿರ ಬಂದಿದ್ದವು. ನೀರು ಮುಟ್ಟದೆ ಉಳಿದದ್ದು ಒಲೆಯ ಮೇಲಿನ ಅಟ್ಟ ಒಂದೇ. ಮಗಳ ಮುಖ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ತೊಳೆಯದ ರೋಲಿನ ಎಂಟು ಫೋಟೋ. ಮೊಮ್ಮಗಳಿಗೂ ಇದು ಗೊತ್ತಿತ್ತು.

ಮೊಮ್ಮಗಳಿಗೆ ಅಜ್ಜನ ಕೆಲಸವೇ ಹಿಡಿಯಿತು. ಈಗ ಪೊನ್ನಂಪೇಟೆಯಲ್ಲಿ ರೂಮು ಮಾಡಿಕೊಂಡು, ಹೋಂಸ್ಟೇಗಳಿಗೆ, ಮದುವೆಗಳಿಗೆ ಫೋಟೋ ತೆಗೆಯುತ್ತಾಳೆ. ಹೋದ ವರ್ಷ ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಬಂದಳು. ಬ್ಯಾಗಿನಿಂದ ಬಟ್ಟೆ ಸುತ್ತಿದ್ದ ಕಪ್ಪು ಡಬ್ಬಿಯೊಂದನ್ನು ತೆಗೆದಳು.

"ಏನೇ ಅದು?"

"ಡಿಜಿಟಲ್ ಬ್ಯಾಕು ಅಜ್ಜಿ. ಅಜ್ಜನ ಕ್ಯಾಮೆರಾಕ್ಕೆ ಫಿಲ್ಮಿನ ಬ್ಯಾಕ್ ತೆಗೆದು ಇದನ್ನ ಹಾಕ್ಬೋದು. ಸೆಕೆಂಡ್ ಹ್ಯಾಂಡ್ ಸಿಕ್ತು."

"ಮುದುಕನಿಗೆ ಹಲ್ಲಿನ ಸೆಟ್ಟು ಹಾಕ್ದಂಗೆ."

"ಹ್ಞೂಂ, ಕಡಲೇಕಾಯಿ ತಿಂತಾನೆ ನೋಡು ಈಗ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಆ ರೋಲನ್ನೂ ತೊಳೆದುಬಿಡೋಣ ಅಜ್ಜಿ. ನಂಗೆ ಅಮ್ಮನ ಮುಖ ಮರ್ತೋಗ್ತಾ ಇದೆ. ಆಲ್ಬಂನಲ್ಲಿ ನೋಡಿದ್ದು ನೆನಪು ಮಾಡ್ಕೊಂಡ್ರೆ ಸೀರೆ ಬರುತ್ತೆ, ಮುಖ ಬರಲ್ಲ."

ನಾನು ಬೇಡ ಎನ್ನಲಿಲ್ಲ. ನನಗೂ ಅದೇ ಆಗುತ್ತಿತ್ತು, ಅವಳಿಗೆ ಹೇಳಿರಲಿಲ್ಲ.

ಅವಳು ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದಳು. ಬೆಳಗಿನ ಒಲೆ ಇನ್ನೂ ಉರಿಯುತ್ತಿತ್ತು. ಕ್ಯಾಮೆರಾ ಕೈಗೆತ್ತಿಕೊಂಡವಳು, "ಅಜ್ಜಿ, ಬೆಚ್ಚಗಿದೆಯಲ್ಲ ಇದು" ಎಂದಳು.

"ಬೆಚ್ಚಗಿರ್ಲಿ ಅಂತಾನೇ ಮಡಗಿರೋದು."

ಅವಳು ಹಿಂದಿನ ಬ್ಯಾಕನ್ನು ಅಂಗೈಯಿಂದ ಮುಟ್ಟಿ, ಒಲೆಯ ಕಡೆ ನೋಡಿದಳು. ನಾನು ಅದನ್ನು ಗಮನಿಸಿದೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ.

ಮೊದಲು ರೋಲ್ ಮುಗಿಸಬೇಕು ಎಂದೆ. ಅವಳು ವಾದ ಮಾಡಿದಳು, ಹಾಗೇ ತೊಳೆದರೆ ಏನಾಗುತ್ತದೆ ಎಂದು. ನಿಮ್ಮಜ್ಜನ ಕ್ಯಾಮೆರಾ, ನಿಮ್ಮಜ್ಜನ ಕಾನೂನು ಎಂದೆ. ಅಂಗಳದಲ್ಲಿ ಕುರ್ಚಿ ಹಾಕಿ ನನ್ನನ್ನೇ ಕೂರಿಸಿದಳು. ಅದೇ ಅಂಗಳ, ಬೇರೆ ಕುರ್ಚಿ. ನಾಲ್ಕು ತೆಗೆದಳು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಕಿಂಡಿಯಲ್ಲಿ ಅಂಕಿ ಹೊರಳುವುದನ್ನು ನಾನೇ ನೋಡಿದೆ.

ಫೋಟೋಗೆಂದು ಎಳೆದಿಟ್ಟಿದ್ದ ಸ್ಟೀಲ್ ತಗಡನ್ನು ತಿರುಗಿ ತೂರಿಸಲು ಹೋದರೆ ಹೊಗೆಯ ಜಿಡ್ಡಿಗೆ ಬಿಗಿಯಾಯಿತು. ಅವಳ ಕೈಗೆ ಹೋಗಲಿಲ್ಲ. ನಾನು ಸೆರಗಿನಲ್ಲಿ ಒರೆಸಿ, ನಿಧಾನಕ್ಕೆ ಕೊನೆಯವರೆಗೆ ತೂರಿಸಿ ಬ್ಯಾಕ್ ಕಳಚಿಕೊಟ್ಟೆ. ಆ ಜಾಗಕ್ಕೆ ಅವಳು ತನ್ನ ಡಬ್ಬಿ ಕೂರಿಸಿದಳು. ಟಕ್ ಎಂದು ಕೂತಿತು, ಅದಕ್ಕೇ ಮಾಡಿಸಿದ ಹಾಗೆ. ಲೆನ್ಸಿನಿಂದ ಡಬ್ಬಿಗೆ ಒಂದು ಸಣ್ಣ ವೈರು ಸಿಕ್ಕಿಸಿದಳು. ಫಿಲ್ಮಿನಷ್ಟು ಅಗಲ ಇದರಲ್ಲಿ ಬೀಳುವುದಿಲ್ಲವಂತೆ. ಮೇಲಿನ ಗಾಜಿನ ಮೇಲೆ ಪೆನ್ಸಿಲಿನಲ್ಲಿ ಒಂದು ಚಿಕ್ಕ ಚೌಕ ಎಳೆದು, "ಈ ಗೆರೆ ಒಳಗಿದ್ದದ್ದು ಮಾತ್ರ ಬರೋದು ಅಜ್ಜಿ" ಎಂದಳು.

ನನ್ನದೇ ಒಂದು ತೆಗೆದು, ಡಬ್ಬಿಯ ಬೆನ್ನಿನ ಪರದೆಯಲ್ಲಿ ತೋರಿಸಿದಳು. ನನ್ನ ಗಲ್ಲದ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಲೆನ್ಸು ನೋಡಜ್ಜಿ, ಒಂದು ಚುಕ್ಕೆ ಬೂಷ್ಟಿಲ್ಲ. ಹೊಸದರ ಥರ ಇದೆ."

"ಮತ್ತೆ? ಯಾರು ಕಾಪಾಡಿದ್ದು ಅನ್ಕೊಂಡೆ?"

ಇಷ್ಟು ಹೆಮ್ಮೆ ನಾನು ಬದುಕಿನಲ್ಲಿ ಬೇರೆ ಯಾವುದಕ್ಕೂ ಪಟ್ಟಿಲ್ಲ. ಒಂದು ಗಂಟೆಯ ಮಟ್ಟಿಗೆ ಅದು ಇತ್ತು.

ರೋಲನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸೋಣ ಎಂದಳು. ನನ್ನ ಮಗಳನ್ನು ಪಾರ್ಸೆಲ್ ಮಾಡಲು ನಾನು ತಯಾರಿರಲಿಲ್ಲ. ನಾನೇ ತೊಳೆಯುತ್ತೇನೆ ಎಂದೆ. ಚಿತ್ರ ಮೂಡಿಸುವ ಡೆವಲಪರ್, ಮೂಡಿದ್ದನ್ನು ನಿಲ್ಲಿಸುವ ಹೈಪೋ ಎರಡನ್ನೂ ಅವಳೇ ತಂದಿದ್ದಳು, ನಾನು ಹೀಗೆ ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಬಚ್ಚಲುಮನೆಯ ಕಿಟಕಿಗೆ ಎರಡು ಕಂಬಳಿ ಹೊಡೆದೆವು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಕಣ್ಣಿಗೆ ಬೆರಳು ಹಾಕಿದರೂ ಕಾಣದ ಕತ್ತಲು. ರೋಲ್ ಬಿಚ್ಚಿದೆ. ಹಿಂದಿನ ಕಾಗದ ಅಲ್ಲಲ್ಲಿ ಫಿಲ್ಮಿಗೆ ಹಿಡಿದುಕೊಂಡಿತ್ತು. ಫಿಲ್ಮು ಹಪ್ಪಳದ ಹಾಗೆ ಗಡುಸಾಗಿತ್ತು. ಫಿಲ್ಮು ಕೆಟ್ಟಿದೆ ಎಂದು ಆಗಲೇ ಕೈಗೆ ತಿಳಿಯಿತು.

ನಮ್ಮದು ಹಳೇ ಕ್ರಮ. ಫಿಲ್ಮಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದು, ತೊಟ್ಟಿಲು ತೂಗಿದ ಹಾಗೆ ತಟ್ಟೆಯ ಔಷಧಿಯಲ್ಲಿ ಆಚೆ ಈಚೆ ಎಳೆಯುವುದು. ಗಡಿಯಾರ ಕಾಣುವುದಿಲ್ಲ, ಬಾಯಲ್ಲಿ ಎಣಿಸಬೇಕು. ಒಂದರಿಂದ ನೂರು, ಮತ್ತೆ ಒಂದರಿಂದ. ನಾಲ್ಕನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಿತ್ತು. ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. ಹೈಪೋದಿಂದ ತೆಗೆದ ಮೇಲೆ ಲೈಟು ಹಾಕು ಎಂದೆ.

ಫಿಲ್ಮನ್ನು ಬಲ್ಬಿಗೆ ಎತ್ತಿ ಹಿಡಿದೆ. ಮೊದಲಿನಿಂದ ಒಂದೇ ಸಮ ಬೂದಿ ಬಣ್ಣ. ಒಂದು, ಎರಡು, ಮೂರು, ಎಂಟರವರೆಗೆ ಮಸಿ ಹಿಡಿದ ಲಾಟೀನಿನ ಗಾಜು. ಒಂಬತ್ತರಿಂದ ಮಂಕಾಗಿ ಏನೋ ಮೂಡಿತ್ತು. ಕುರ್ಚಿ, ಅದರಲ್ಲಿ ಒಂದು ಮುದುಕಿ. ಹತ್ತರಲ್ಲೂ ನಾನು. ಹನ್ನೊಂದು, ಹನ್ನೆರಡರಲ್ಲೂ ನಾನೇ. ಬೆಳಿಗ್ಗೆ ತೆಗೆದದ್ದು ಬಂದಿತ್ತು, ಇಷ್ಟು ವರ್ಷ ಕಾದದ್ದು ಬಂದಿರಲಿಲ್ಲ.

"ಪರವಾಗಿಲ್ಲ ಅಜ್ಜಿ" ಎಂದಳು ಮೊಮ್ಮಗಳು.

"ಪರವಾಗೈತೆ" ಎಂದೆ. "ಯಾಕೆ ಹಿಂಗಾಯ್ತು, ನಿಂಗೊತ್ತು. ಹೇಳು."

ಅವಳು ನೆಲ ನೋಡಿದಳು. "ಬಿಸಿ ತಾಗ್ತಾ ಇದ್ರೆ ಹಿಂದೆ ತೆಗೆದಿದ್ದು ಅಳಿಸೋಗುತ್ತಜ್ಜಿ. ಫಿಲ್ಮನ್ನ ತಂಪಲ್ಲಿಡ್ಬೇಕು. ಈಗಿನವರು ಫ್ರಿಜ್ಜಲ್ಲಿಡ್ತಾರೆ."

ಬೆಳಕು ತಾಗಬಾರದು, ನೀರು ತಾಗಬಾರದು ಎಂದು ನನಗೆ ಗೊತ್ತಿತ್ತು. ಬಿಸಿಯ ವಿಷಯ ಗೊತ್ತಿರಲಿಲ್ಲ. ನಮ್ಮಲ್ಲಿ ಫಿಲ್ಮು ತಂದ ತಿಂಗಳಿಗೆ ಮುಗಿಯುತ್ತಿತ್ತು, ಇಟ್ಟುಕೊಂಡು ನೋಡಿದವರು ಯಾರು? ಆಗ ನೆನಪಿಗೆ ಬಂತು. ಯಜಮಾನರು ಕ್ಯಾಮೆರಾ ಅಟ್ಟಕ್ಕೆ ಹಾಕುವಾಗ ಬ್ಯಾಕ್ ಕಳಚಿ, ಪ್ಲಾಸ್ಟಿಕ್ ಸುತ್ತಿ, ಕುಡಿಯುವ ನೀರಿನ ಮಡಕೆಯ ಹತ್ತಿರ ಬೇರೆಯಾಗಿ ಇಡುತ್ತಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ತಿಥಿ ಮುಗಿಸಿ ಮನೆ ಗುಡಿಸುವಾಗ, ಬೇರೆ ಬೇರೆ ಇದ್ದರೆ ಒಂದು ಕಳೆದುಹೋದೀತೆಂದು ಎರಡನ್ನೂ ಸೇರಿಸಿ ಒಲೆಯ ಮೇಲಿಟ್ಟವಳು ನಾನು. ದಿನಕ್ಕೆ ಮೂರು ಹೊತ್ತು ಅದರ ಕೆಳಗೆ ಬೆಂಕಿ ಹಾಕಿದವಳೂ ನಾನು.

ಇದನ್ನು ಅವಳಿಗೆ ಹೇಳಿದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ.

"ಕೆಳಗಿದ್ದಿದ್ರೂ ಹೊಳೆ ನೀರಿಗೆ ಹೋಗ್ತಿತ್ತಲ್ಲಜ್ಜಿ" ಎಂದಳು.

"ನೀರು ಬರೋಕೆ ಮುಂಚೆ ಎಷ್ಟು ವರ್ಷ ಇತ್ತು? ತೊಳೆಯೋಕೆ ಬರ್ತಿತ್ತಲ್ಲ ನಂಗೆ?"

ರೋಲ್ ಮುಗಿದಿಲ್ಲ ಎಂಬುದು ಯಜಮಾನರ ನೆಪವಾಗಿತ್ತು, ಅವರ ನಂತರ ನನ್ನ ನೆಪವಾಯಿತು. ಮಗಳು ಅಟ್ಟದ ಮೇಲೆ ಇದ್ದಾಳೆ ಎಂದುಕೊಂಡು ಅನ್ನ ಬೇಯಿಸುವುದು ಸುಲಭವಾಗಿತ್ತು.

ಮೊಮ್ಮಗಳು ಅಲ್ಲಿಗೇ ಬಿಡಲಿಲ್ಲ. ಆ ಎಂಟನ್ನೂ ಬೆಳಕಿನ ಹಲಗೆಯ ಮೇಲಿಟ್ಟು, ಅದೇ ಕ್ಯಾಮೆರಾಕ್ಕೆ ಅದೇ ಹೊಸ ಬ್ಯಾಕ್ ಹಾಕಿ ಒಂದೊಂದಾಗಿ ಫೋಟೋ ತೆಗೆದಳು. ಲ್ಯಾಪ್‌ಟಾಪಿನಲ್ಲಿ ಕಪ್ಪು ಬಿಳಿ ತಿರುಗಿಸಿ, ಹಿಗ್ಗಿಸಿ, ತಿಕ್ಕಿ, ಎರಡು ದಿನ ಕೂತಳು. ಊಟಕ್ಕೆ ಕರೆದರೆ "ಬಂದೆ" ಎನ್ನುವಳು, ಏಳಳು. ಎರಡನೇ ದಿನ ಮಧ್ಯಾಹ್ನ ಕೂಗಿದಳು.

"ಅಜ್ಜಿ, ಬಾ ಇಲ್ಲಿ! ಇದರಲ್ಲಿ ಏನೋ ಇದೆ. ಇಲ್ಲಿ, ಈ ಗೆರೆ. ಅಮ್ಮನ ಕೈಯಲ್ವಾ ಇದು?"

ಕನ್ನಡಕ ಹಾಕಿಕೊಂಡು ನೋಡಿದೆ. ಮಂಜಿನೊಳಗೆ ಉದ್ದಕ್ಕೆ ಒಂದು ಬಿಳಿ ಗೀಟು, ಕೆಳಗೆ ಒಂದು ಉಬ್ಬು. ನನಗೆ ಗೊತ್ತಾಯಿತು. ಹೌದು ಎಂದಿದ್ದರೆ ಅವಳು ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದಳು. ದಿನಾ ಅದಕ್ಕೆ ಹೂವು ಏರಿಸುತ್ತಿದ್ದಳು.

"ಅಲ್ಲ ಮಗ. ಅದು ಕುರ್ಚಿ ಕಾಲು."

"ಸರಿಯಾಗಿ ನೋಡಜ್ಜಿ."

"ನೋಡ್ದೆ. ನಮ್ಮ ಹಳೇ ಕುರ್ಚಿ. ಕಾಲಿಗೆ ಗುಂಡು ಇತ್ತು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಅತ್ತಿದ್ದು ಆಮೇಲೆ, ಹಿತ್ತಲಿನಲ್ಲಿ, ನನಗೆ ಕೇಳಿಸುವುದಿಲ್ಲ ಎಂದುಕೊಂಡು.

ಈಗ ಆ ಕ್ಯಾಮೆರಾ ಪೊನ್ನಂಪೇಟೆಯಲ್ಲಿ ಅವಳ ಹತ್ತಿರವಿದೆ, ಗಾಜಿನ ಡಬ್ಬಿಯೊಳಗೆ, ತೇವ ಹೀರುವ ಪೊಟ್ಟಣಗಳ ಜೊತೆ. ಹಳೇ ಕ್ಯಾಮೆರಾ, ಹೊಸ ಬ್ಯಾಕು ಎಂದು ಜನ ಕೇಳಿಕೊಂಡು ಬರುತ್ತಾರಂತೆ. ಯಾರ್ಯಾರದೋ ಮದುಮಕ್ಕಳು, ಯಾರ್ಯಾರದೋ ಕೂಸುಗಳು ಅದರಲ್ಲಿ ಚೆನ್ನಾಗಿ ಬೀಳುತ್ತಾರೆ. ಬೀಳದೆ ಏನು, ಲೆನ್ಸು ಚೊಕ್ಕವಾಗಿದೆಯಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಪೆಟ್ಟಿಗೆ ಇದ್ದ ಜಾಗ ಮಾತ್ರ ಹೊಗೆ ಹಿಡಿಯದೆ ಚೌಕವಾಗಿ ಬೆಳ್ಳಗಿದೆ. ಅಲ್ಲಿ ಏನನ್ನೂ ಇಟ್ಟಿಲ್ಲ.

ಬಂದಾಗಲೆಲ್ಲ ಅವಳು ಕ್ಯಾಮೆರಾ ತರುತ್ತಾಳೆ, ಅಂಗಳದಲ್ಲಿ ನನ್ನನ್ನು ಕೂರಿಸುತ್ತಾಳೆ. ಮೊದಮೊದಲು ಮುದುಕಿ ಸಾಯುವ ಮುಂಚೆ ತೆಗೆದಿಟ್ಟುಕೊಳ್ಳಲಿ ಎಂದು ಸುಮ್ಮನಿದ್ದೆ. ಹೋದ ವಾರ ನೋಡಿದೆ, ಅವಳು ಒಂದು ಸಲ ಎಡಕ್ಕೆ ತಿರುಗು ಎನ್ನುತ್ತಾಳೆ, ಒಂದು ಸಲ ಕಣ್ಣು ಕೆಳಗೆ ಮಾಡು ಎನ್ನುತ್ತಾಳೆ, ಕೈಯಲ್ಲಿ ಕೂಸು ಹಿಡಿದವಳ ಹಾಗೆ ಕೂರು ಎನ್ನುತ್ತಾಳೆ. ಆಗ ಅರ್ಥವಾಯಿತು.

"ಅವ್ಳು ನನ್ನಂಗಿರ್ಲಿಲ್ಲ ಕಣೇ" ಎಂದೆ. "ನನ್ನ ಮೊಕದಲ್ಲಿ ಹುಡುಕ್ಬೇಡ."

ಅವಳು ಗಾಜಿನಿಂದ ತಲೆ ಎತ್ತಲಿಲ್ಲ.

"ಅಲ್ಲಾಡ್ಬೇಡ ಅಜ್ಜಿ. ಗೆರೆಯಿಂದ ಆಚೆ ಹೋಗ್ತಿದ್ದೀಯ."

ನಾನು ಅಲ್ಲಾಡದೆ ಕೂತೆ.